ಎರಡು ಎಂಬಿ ಕ್ಯಾಸೆಟ್ಟಿನಲ್ಲಿ ಮೂರು ಜನ

ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯಲ್ಲಿ ಟಿವಿ ಗೇಮ್ ಆಡಿದವರಿಗೆ ಕಾರ್ಟ್ರಿಜ್ ಎಂಬ ಪದವೇ ಗೊತ್ತಿರಲಿಲ್ಲ. ಅದು ಕ್ಯಾಸೆಟ್. ಓಡಲಿಲ್ಲ ಅಂದ್ರೆ ತೆಗೆದು, ಬಾಯಲ್ಲಿ ಊದಿ, ಮತ್ತೆ ಒತ್ತೋದು. ಅದು ನಮ್ಮ ಹಳ್ಳಿಗಾಡಿನ ಮಾತು ಅಂತ ಬಹಳ ದಿನ ನಾಚಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಜಪಾನಿನ ಮಕ್ಕಳೂ ಅದನ್ನು ‘ಕಸೆಟ್ಟೊ’ ಅಂತಲೇ ಕರೆಯುತ್ತಿದ್ದರು. ಆಟಕ್ಕೆ ‘ತೆರೆಬಿ ಗೇಮು’ ಅನ್ನುತ್ತಿದ್ದರು. ಸರಿಯಾಗಿ ಮಾತಾಡಿದವರು ನಾವೇ ಆಗಿದ್ದೆವು!

ಆದರೆ ನಮ್ಮಲ್ಲಿ ಸಿಗುತ್ತಿದ್ದದ್ದು ಜಪಾನಿನ ನಿಂಟೆಂಡೊ ಕಂಪನಿಯ ಎಂಟು ಬಿಟ್ಟಿನ ಫ್ಯಾಮಿಕಾಮ್ ಯಂತ್ರದ ನಕಲುಗಳು. ಅದರ ತಮ್ಮ, ಹದಿನಾರು ಬಿಟ್ಟಿನ ಸೂಪರ್ ಫ್ಯಾಮಿಕಾಮ್, ನನಗೆ ಗೊತ್ತಿದ್ದ ಒಂದೇ ಒಂದು ಮನೆಯಲ್ಲೂ ಇರಲಿಲ್ಲ. ಹಾಗಾಗಿ ಈ ಬರಹದ ಆಟವನ್ನು ನಾನು ನೋಡಿದ್ದು ಅದು ಹುಟ್ಟಿ ಕಾಲು ಶತಮಾನ ಕಳೆದ ಮೇಲೆ. ಅಮೆರಿಕದಲ್ಲಿರುವ ತಮ್ಮ ರಜೆಗೆ ಬರುವಾಗ ಸ್ವಿಚ್ ಅನ್ನುವ ನಿಂಟೆಂಡೊ ಆಟದ ಯಂತ್ರ ಒಂದನ್ನು ತಂದ. ಅದರಲ್ಲಿ ಹಳೆಯ ಮೂರು ಆಟಗಳ ಒಂದು ಸಂಗ್ರಹ ಇತ್ತು. ನಡುವಿನದು ‘ಸೀಕ್ರೆಟ್ ಆಫ್ ಮಾನಾ’. ಮೂವರು ಒಟ್ಟಿಗೆ ಆಡಬಹುದು ಅಂದ. ನಾನು, ತಮ್ಮ, ಅಕ್ಕನ ಮಗಳು. ಅವಳಿಗೆ ಹತ್ತು ವರ್ಷ.

ಭಾನುವಾರಗಳಲ್ಲಿ ಕೂತು ಅದನ್ನು ಮುಗಿಸಿದೆವು. ಆಡುವಾಗ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಈ ಆಟದಲ್ಲಿ ಮೂರು ಜನ ಆಡುವುದು ಅಷ್ಟು ಚೆನ್ನಾಗಿ ಕೂತಿದೆ, ಅದೇ ಹೊತ್ತಿಗೆ ಅಷ್ಟೇ ಕಿರಿಕಿರಿಯನ್ನೂ ಮಾಡುತ್ತದೆ. ಎರಡೂ ಒಂದೇ ಜಾಗದಿಂದ ಬರುತ್ತಿವೆಯಾ ಅನ್ನೋದು ನನ್ನ ಅನುಮಾನ. ಅದನ್ನು ಬಿಡಿಸಲು ಹೊರಟ ಬರಹ ಇದು.

ಸಿಡಿ ಬರಲಿಲ್ಲ

ಆಟದ ಜಪಾನೀ ಹೆಸರು ‘ಸೀಕೆನ್ ಡೆನ್ಸೆಟ್ಸು 2’. ಪವಿತ್ರ ಖಡ್ಗದ ಕಥೆ ಅಂತ ಅರ್ಥ. ಮೊದಲ ಭಾಗ 1991ರಲ್ಲಿ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಯಂತ್ರಕ್ಕೆ ಬಂದಿತ್ತು, ಸಣ್ಣ ಪರದೆಯ ಕಪ್ಪು ಬಿಳುಪಿನ ಆಟ. ಎರಡನೆಯದು ಬಂದದ್ದು 1993ರ ಆಗಸ್ಟ್ 6ರಂದು, ಸೂಪರ್ ಫ್ಯಾಮಿಕಾಮ್‌ಗೆ. ಮಾಡಿದವರು ಸ್ಕ್ವೇರ್ ಕಂಪನಿ. ನಿರ್ದೇಶನ ಕೊಯಿಚಿ ಇಶಿಯಿ, ನಿರ್ಮಾಣ ಹಿರೊಮಿಚಿ ತನಾಕಾ, ಮುಖ್ಯ ಪ್ರೋಗ್ರಾಮರ್ ನಾಸಿರ್ ಗೆಬೆಲಿ.

ತನಾಕಾ ಅವರಿಗೆ ಸ್ಕ್ವೇರ್‌ನ ಫೈನಲ್ ಫ್ಯಾಂಟಸಿ ಸರಣಿಯ ಮೂರನೇ ಆಟ ಮಾಡುವಾಗಿನಿಂದಲೂ ಒಂದು ಆಸೆ ಇತ್ತಂತೆ. ಆ ಕಾಲದ ಆಟಗಳಲ್ಲಿ ನೀವು ನಕ್ಷೆಯ ಮೇಲೆ ನಡೆಯುತ್ತೀರಿ, ಇದ್ದಕ್ಕಿದ್ದಂತೆ ಪರದೆ ಬದಲಾಗುತ್ತದೆ, ಜಗಳ ಬೇರೆಯೇ ಪರದೆಯಲ್ಲಿ ನಡೆಯುತ್ತದೆ, ಮುಗಿದ ಮೇಲೆ ವಾಪಸ್. ಈ ಬಾಗಿಲು ತೆರೆದು ಮುಚ್ಚುವ ಕೆಲಸ ಬೇಡ, ನಡೆಯುವ ಜಾಗದಲ್ಲೇ ಹೊಡೆದಾಟ ಆಗಲಿ ಅನ್ನೋದು ಅವರ ಯೋಚನೆ. ಎಂಟು ಬಿಟ್ಟಿನ ಯಂತ್ರಕ್ಕೆ ಅದು ಆಗದ ಮಾತು. ಹೊಸ ಯಂತ್ರ ಬಂದ ಮೇಲೆ ಆಸೆ ಮತ್ತೆ ಎದ್ದಿತು.

ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿತ್ತು. ನಿಂಟೆಂಡೊ ತನ್ನ ಹೊಸ ಯಂತ್ರಕ್ಕೆ ಸಿಡಿ ಓದುವ ಪೆಟ್ಟಿಗೆಯೊಂದನ್ನು ಸೋನಿ ಜೊತೆ ಸೇರಿ ಮಾಡಿಸುತ್ತಿತ್ತು. ಈ ಆಟ ಆ ಸಿಡಿಗೆಂದೇ ಯೋಜನೆಯಾಗಿತ್ತು. 1991ರ ಜೂನ್‌ನಲ್ಲಿ ಚಿಕಾಗೊದ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಸೋನಿ ತನ್ನ ಪೆಟ್ಟಿಗೆಯನ್ನು ಘೋಷಿಸಿತು. ಮರುದಿನವೇ ನಿಂಟೆಂಡೊ, ನಾವು ಫಿಲಿಪ್ಸ್ ಜೊತೆ ಹೋಗುತ್ತೇವೆ ಅಂದಿತು! ಮದುವೆ ಮಂಟಪದಲ್ಲಿ ಬೇರೆ ವರನ ಹೆಸರು ಕೂಗಿದ ಹಾಗೆ. ಆ ಅವಮಾನದ ಸಿಟ್ಟು ಮುಂದೆ 1994ರಲ್ಲಿ ಸೋನಿಯದೇ ಆಟದ ಯಂತ್ರ ಪ್ಲೇಸ್ಟೇಷನ್ ಆಗಿ ಬಂದದ್ದು ಎಲ್ಲರಿಗೂ ಗೊತ್ತು. ಫಿಲಿಪ್ಸ್ ಪೆಟ್ಟಿಗೆಯೂ ಬರಲಿಲ್ಲ. ಸಿಡಿಯನ್ನು ನಂಬಿ ಕೂತಿದ್ದ ಸ್ಕ್ವೇರ್ ತಂಡದ ಕೈಗೆ ಉಳಿದದ್ದು ಕ್ಯಾಸೆಟ್.

ಲೆಕ್ಕ ನೋಡಿ. ಒಂದು ಸಿಡಿ ಅಂದರೆ ಸುಮಾರು 650 ಎಂಬಿ. ಈ ಆಟದ ಕ್ಯಾಸೆಟ್ 16 ಮೆಗಾಬಿಟ್, ಅಂದರೆ 2 ಎಂಬಿ. ಮುನ್ನೂರು ಪಟ್ಟಿಗಿಂತಲೂ ಜಾಸ್ತಿ ವ್ಯತ್ಯಾಸ. ಇವತ್ತು ನಿಮ್ಮ ಫೋನಿನಲ್ಲಿ ತೆಗೆದ ಒಂದೇ ಒಂದು ಫೋಟೊ 2 ಎಂಬಿಗಿಂತ ದೊಡ್ಡದಿರುತ್ತದೆ. ಅಷ್ಟರೊಳಗೆ ಇಪ್ಪತ್ತು ಗಂಟೆಗೂ ಮೀರಿದ ಆಟ, ಊರುಗಳು, ಕಾಡು, ಹಿಮ, ಮರಳುಗಾಡು, ಬಿಳಿ ಡ್ರ್ಯಾಗನ್ನಿನ ಬೆನ್ನ ಮೇಲೆ ಹಾರಾಟ, ಪೂರಾ ಸಂಗೀತ.

ಯೋಜನೆಯ ಶೇಕಡಾ 40ರಷ್ಟು ಭಾಗ ಹೀಗೆ ಕತ್ತರಿಗೆ ಹೋಯಿತು ಎಂಬ ಅಂದಾಜಿದೆ. ಕಥೆಗೆ ಹಲವು ದಾರಿ, ಹಲವು ಕೊನೆ ಇರಬೇಕಿತ್ತು, ಒಂದೇ ಉಳಿಯಿತು. ಕಥೆಯ ಬಣ್ಣವೂ ಮೊದಲು ಇನ್ನಷ್ಟು ಕಪ್ಪಾಗಿತ್ತು. ಆಡುವಾಗ ಇದು ಕಾಣುತ್ತದೆ. ಮೊದಲರ್ಧದಲ್ಲಿ ಪ್ರತಿ ಊರಿಗೂ ಒಂದು ಗೋಳು, ಒಂದು ಕಾರಣ ಇದೆ. ಪಂಡೋರಾ ರಾಜ್ಯದ ಜನ ಪ್ರಾಣ ಬತ್ತಿದವರ ಹಾಗೆ ಮಾತಿಲ್ಲದೆ ನಿಂತಿರುತ್ತಾರೆ, ನೋಡಿದರೆ ಮೈ ಜುಮ್ ಅನ್ನುತ್ತದೆ. ಎರಡನೇ ಅರ್ಧಕ್ಕೆ ಬರುವ ಹೊತ್ತಿಗೆ ಆತುರ ಶುರು. ಹೋಗು, ಹೊಡಿ, ಮುಂದಿನದಕ್ಕೆ ನಡಿ. ಹಿಮದ ನಾಡಿನಲ್ಲಿ ಸಾಂಟಾ ಕ್ಲಾಸ್ ಒಬ್ಬ ರಾಕ್ಷಸನಾಗಿ ಎದುರಾಗುತ್ತಾನೆ. ಸುಳ್ಳಲ್ಲ. ಯಾಕೆ, ಏನು ಅಂತ ಎರಡು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ.

ಮೂರನೇ ಕೈ

ಮೂವರು ಆಡುವುದು ಮೊದಲ ಯೋಜನೆಯಲ್ಲಿ ಇರಲಿಲ್ಲ. ಕಥೆಯಲ್ಲಿ ಮೂರು ಪಾತ್ರ ಇದ್ದವು, ಅಷ್ಟೇ. ಒಬ್ಬ ಹುಡುಗ, ಒಬ್ಬ ಹುಡುಗಿ, ಒಂದು ಪುಟ್ಟ ಕಾಡು ಜೀವ. ಜಪಾನಿನಲ್ಲಿ ಅವರ ಹೆಸರು ರಾಂಡಿ, ಪುರಿಮ್, ಪೊಪೊಯ್. ನೀವು ಒಬ್ಬರನ್ನು ಓಡಿಸಿದರೆ ಉಳಿದ ಇಬ್ಬರನ್ನು ಯಂತ್ರ ಓಡಿಸುತ್ತದೆ. ಮಾಡುತ್ತಾ ಹೋದ ಹಾಗೆ ತಂಡಕ್ಕೆ ಹೊಳೆದದ್ದು ಇಷ್ಟು: ಮೂವರೂ ಒಂದೇ ಜಾಗದಲ್ಲಿ ಆ ಕ್ಷಣದಲ್ಲೇ ಹೊಡೆದಾಡುತ್ತಿದ್ದಾರೆ, ಹಾಗಾದರೆ ಯಂತ್ರ ಹಿಡಿದಿರುವ ಆ ಇಬ್ಬರನ್ನು ಮನುಷ್ಯರ ಕೈಗೆ ಕೊಡಲು ದೊಡ್ಡ ಕೆಲಸ ಏನಿಲ್ಲ.

ಒಂದೇ ತೊಂದರೆ. ಯಂತ್ರಕ್ಕೆ ಕಂಟ್ರೋಲರ್ ಸಿಕ್ಕಿಸುವ ತೂತು ಎರಡೇ. ಆದರೆ ಅದೇ 1993ರಲ್ಲಿ ಹಡ್ಸನ್ ಕಂಪನಿ ಬಾಂಬರ್‌ಮ್ಯಾನ್ ಆಟದ ಜೊತೆ ಮಲ್ಟಿಟ್ಯಾಪ್ ಅಂತ ಒಂದು ಡಬ್ಬಿ ತಂದಿತ್ತು. ನಮ್ಮ ಮನೆಗಳ ಎಕ್ಸ್‌ಟೆನ್ಷನ್ ಬಾಕ್ಸ್ ಥರ. ಒಂದು ತೂತಿಗೆ ಅದನ್ನು ಸಿಕ್ಕಿಸಿದರೆ ನಾಲ್ಕು ಆಗುತ್ತದೆ. ಬಾಂಬರ್‌ಮ್ಯಾನ್‌ಗೆ ಬೇಕಿದ್ದದ್ದು ಒಬ್ಬರ ಮೇಲೊಬ್ಬರು ಬಾಂಬ್ ಹಾಕುವ ಗಲಾಟೆ. ಸ್ಕ್ವೇರ್ ಅದೇ ಡಬ್ಬಿಯನ್ನು ಇಪ್ಪತ್ತು ಗಂಟೆ ಜೊತೆಯಲ್ಲಿ ನಡೆಯುವ ಕಥೆಗೆ ಬಳಸಿತು.

ಈಗ ನಮ್ಮ ಸೋಫಾಕ್ಕೆ ಬರುತ್ತೇನೆ. ಶುರುವಿನಲ್ಲೇ ಒಂದು ಪೆಟ್ಟು. ಮೂವರು ಕಂಟ್ರೋಲರ್ ಹಿಡಿದು ಕೂತರೆ ಆಡುವುದು ಒಬ್ಬನೇ. ಪೊಟೊಸ್ ಊರಿನ ಹುಡುಗ ಜಲಪಾತದ ಕೆಳಗೆ ಬೀಳುತ್ತಾನೆ, ಅಲ್ಲಿ ನೆಟ್ಟಿದ್ದ ಕತ್ತಿ ಕೀಳುತ್ತಾನೆ, ಅದರಿಂದ ದೆವ್ವ ಪಿಶಾಚಿಗಳು ಎದ್ದವು ಅಂತ ಊರಿನವರು ಅವನನ್ನೇ ಹೊರಗೆ ಹಾಕುತ್ತಾರೆ. ಹುಡುಗಿ ಜೊತೆಯಾಗುವುದು ಆಮೇಲೆ. ಅದಕ್ಕೆ ಮೊದಲು ಗಾಬ್ಲಿನ್‌ಗಳು ಹುಡುಗನನ್ನು ಹಂಡೆಯಲ್ಲಿ ಹಾಕಿ ಬೇಯಿಸಲು ಹೊರಡುತ್ತವೆ. ಕಾಡು ಜೀವ ಸಿಗುವುದು ಇನ್ನೂ ಮುಂದೆ, ಕುಳ್ಳರ ಊರಿನಲ್ಲಿ. ಪೊಪೊಯ್ ನನಗೇ ಬೇಕು ಅಂತ ಹಠ ಹಿಡಿದಿದ್ದ ಸೊಸೆ ಮೊದಲ ಭಾನುವಾರದ ಬಹುಪಾಲು ಸುಮ್ನೆ ನೋಡುತ್ತಾ ಕೂತಳು. ಒಬ್ಬರಿಗೆಂದು ಬರೆದ ಕಥೆ ಇದು ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಆದರೆ ಅವಳ ಸರದಿ ಬಂದಾಗ ಸೇರುವುದು ಎಷ್ಟು ಸಲೀಸು ಅಂತೀರಿ! ಆಟ ನಿಲ್ಲಿಸಬೇಕಿಲ್ಲ, ಮೊದಲಿಂದ ಶುರು ಮಾಡಬೇಕಿಲ್ಲ. ಗುಂಡಿ ಒತ್ತಿದಳು, ಪೊಪೊಯ್ ಅವಳ ಕೈಗೆ ಬಂತು. ಅವಳಮ್ಮ ಊಟಕ್ಕೆ ಕರೆದಳು, ಎದ್ದು ಹೋದಳು, ಪೊಪೊಯ್ ಯಂತ್ರದ ಕೈಗೆ ಹೋಯಿತು. ಯಾರು ಬೇಕಾದರೂ ನಡುವೆ ಬಂದು ಹೋಗಬಹುದು. ಮನೆ ಅಂದರೆ ಹಾಗೇ ಅಲ್ವಾ, ಒಬ್ಬರಾದ ಮೇಲೆ ಒಬ್ಬರನ್ನು ಯಾರೋ ಕರೆಯುತ್ತಲೇ ಇರುತ್ತಾರೆ.

ಕೊರತೆ ಹಂಚಿಕೊಳ್ಳುವುದು

ಈ ಆಟದಲ್ಲಿ ಮೂವರಿಗೂ ಎಲ್ಲವೂ ಕಡಿಮೆ. ಪರದೆ ಒಂದು. ದುಡ್ಡು ಒಂದೇ ಚೀಲ. ಆಯುಧಗಳು ಎಂಟು ಬಗೆ, ಆದರೆ ಪ್ರತಿಯೊಂದೂ ಒಂದೇ ಒಂದು. ಕತ್ತಿ, ಈಟಿ, ಕೊಡಲಿ, ಬಿಲ್ಲು, ಚಾಟಿ, ಬೂಮರಾಂಗ್, ಎಸೆಯುವ ಭರ್ಜಿ, ಕೈಗವಸು. ತಮ್ಮನ ಹತ್ತಿರ ಇರುವ ಚಾಟಿ ನನಗೆ ಬೇಕು ಅಂದರೆ ನಾನು ತೆಗೆದುಕೊಂಡ ತಕ್ಷಣ ನನ್ನದು ಅವನ ಕೈಗೆ ಹೋಗುತ್ತದೆ. ಒಬ್ಬೊಬ್ಬರಿಗೂ ಪ್ರತಿ ಆಯುಧದಲ್ಲಿ ಬೇರೆ ಬೇರೆ ಪಳಗುವಿಕೆ ಇರುವುದರಿಂದ ಈ ಅದಲು ಬದಲು ಅಂದರೆ ಜಗಳವೇ. “ಅಣ್ಣ, ಈಟಿ ಮುಟ್ಟಬೇಡ, ಈಗ ತಾನೇ ಪಳಗಿಸ್ತಾ ಇದೀನಿ” ಅಂತ ನಲವತ್ತು ಸಮೀಪಿಸಿದ ಸಾಫ್ಟ್‌ವೇರ್ ಇಂಜಿನಿಯರ್ ನನ್ನ ಮೇಲೆ ರೇಗಿದ.

ತಿಂಡಿ ಇನ್ನೂ ಕಷ್ಟ. ಪ್ರಾಣ ತುಂಬುವ ಕ್ಯಾಂಡಿ, ಚಾಕಲೇಟ್, ಮಾಯೆ ತುಂಬುವ ವಾಲ್‌ನಟ್, ಬಿದ್ದವರನ್ನು ಎಬ್ಬಿಸುವ ಬಟ್ಟಲು, ಯಾವುದೇ ಆದರೂ ನಾಲ್ಕಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ದುಡ್ಡು ಎಷ್ಟಿದ್ದರೂ ನಾಲ್ಕೇ. ಮೂರು ಜನಕ್ಕೆ ನಾಲ್ಕು ಕ್ಯಾಂಡಿ. ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಈ ಗಣಿತ ಯಾರೂ ಹೇಳಿಕೊಡಬೇಕಿಲ್ಲ.

ಹೊಡೆತದಲ್ಲೂ ಕಾಯಬೇಕು. ಒಂದು ಸಲ ಕತ್ತಿ ಬೀಸಿದರೆ ಕೆಳಗಿನ ಅಂಕಿ ಸೊನ್ನೆಗೆ ಇಳಿದು ಮತ್ತೆ ನೂರಕ್ಕೆ ಏರಬೇಕು. ಅಷ್ಟರೊಳಗೆ ಬೀಸಿದರೆ ಸೊಳ್ಳೆ ಹೊಡೆದ ಹಾಗೆ, ಏಟು ತಾಗಿದರೂ ಪೆಟ್ಟಿಲ್ಲ. ಒಬ್ಬರೇ ಆಡುವಾಗ ಇದು ಬೇಜಾರಿನ ಕಾಯುವಿಕೆ. ಮೂವರಾದಾಗ ಇದಕ್ಕೆ ತಾಳ ಬರುತ್ತದೆ. ನಾನು ಬೀಸಿ ಹಿಂದೆ ಸರಿದೆ, ತಮ್ಮ ಮುಂದೆ ಹೋದ, ಅವನು ಸರಿದಾಗ ಅವಳ ಬಾಣ. ಒನಕೆ ಕುಟ್ಟುವವರು ಸರದಿ ತಪ್ಪದೆ ಎತ್ತಿ ಇಳಿಸುವುದನ್ನು ನೋಡಿದ್ದೀರಾ? ಅದೇ ಥರ. ಹೀಗೆ ಆಗಲಿ ಅಂತ ಯಾರೂ ಕೂತು ಬರೆದದ್ದಲ್ಲ ಅಂತ ನನ್ನ ಊಹೆ. ನೂರರ ಲೆಕ್ಕ ಸುಮ್ಮನೆ ಗುಂಡಿ ಕುಟ್ಟುವುದನ್ನು ತಡೆಯಲು ಇದ್ದದ್ದು. ಮೂರು ಜನ ಸೇರಿದ ಮೇಲೆ ಅದರೊಳಗಿಂದ ಬೇರೆಯದೇ ಒಂದು ಆಟ ಹೊರಬಂತು.

ಇನ್ನು ಉಂಗುರ. ಈ ಆಟದ ಅತಿ ಹೆಸರಾದ ಸಂಗತಿ ಅದು. ಆಯುಧ ಬದಲಿಸಬೇಕು, ಮಾಯೆ ಹಾಕಬೇಕು, ಕ್ಯಾಂಡಿ ತಿನ್ನಬೇಕು ಅಂದರೆ ಬೇರೆ ಪುಟಕ್ಕೆ ಹೋಗಬೇಕಿಲ್ಲ. ಗುಂಡಿ ಒತ್ತಿದರೆ ನಿಮ್ಮ ಪಾತ್ರದ ಸುತ್ತಲೂ ಚಿತ್ರಗಳು ಉಂಗುರದ ಹಾಗೆ ಹರಡಿಕೊಳ್ಳುತ್ತವೆ. ತಿರುಗಿಸಿ ಆರಿಸಿಕೊಂಡರೆ ಆಯಿತು. ತನಾಕಾ ಬಯಸಿದ ‘ಬಾಗಿಲು ಇಲ್ಲದ ಆಟ’ಕ್ಕೆ ಇದಕ್ಕಿಂತ ಒಪ್ಪುವ ಉಪಾಯ ಇಲ್ಲ. ಆದರೆ ಒಂದು ಷರತ್ತು. ಉಂಗುರ ತೆರೆದ ಕೂಡಲೇ ಎಲ್ಲವೂ ನಿಲ್ಲುತ್ತದೆ. ತೆರೆದವರದ್ದು ಮಾತ್ರ ಅಲ್ಲ, ಮೂವರದ್ದೂ.

ಒಬ್ಬರೇ ಆಡುವವರಿಗೆ ಇದು ಉಸಿರು ಬಿಡುವ ಜಾಗ. ಮೂವರಿಗೆ? ತಮ್ಮ ಮೂರು ಸೆಕೆಂಡ್ ಒತ್ತಿ ಹಿಡಿದು ಏಟಿಗೆ ಬಲ ತುಂಬಿಸಿಕೊಂಡು, ಕಾಲೆಳೆಯುತ್ತಾ ಶತ್ರುವಿನ ಹತ್ತಿರ ಹೋಗುತ್ತಾನೆ. ಬಿಡಬೇಕು ಅನ್ನುವಾಗ ಸೊಸೆ ಉಂಗುರ ತೆರೆಯುತ್ತಾಳೆ. “ಪುಟ್ಟೀ!” ಅಂತ ಕೂಗುತ್ತಾನೆ. “ತಾಳು ಚಿಕ್ಕ ಮಾಮ, ಬೆಂಕಿ ಹುಡುಕ್ತಾ ಇದೀನಿ.” ಮೊದಲ ಎರಡು ವಾರ ಇದೇ ರಗಳೆ. ಮೂರನೇ ವಾರದಿಂದ ಅವಳು ತೆರೆಯುವ ಮೊದಲು “ತೆಗೀಲಾ?” ಅಂತ ಕೇಳತೊಡಗಿದಳು. ನಾವು “ಹೂಂ” ಅನ್ನುತ್ತಿದ್ದೆವು. ಯಂತ್ರಕ್ಕೆ ಅದು ಬೇಕಿರಲಿಲ್ಲ. ಈ ಕೇಳಿ ತೆರೆಯುವ ಪದ್ಧತಿ ನಾವೇ ಮಾಡಿಕೊಂಡದ್ದು.

ಹುಡುಗನಿಗೆ ಮಾಯೆ ಬರುವುದಿಲ್ಲ ಅನ್ನೋದೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಹುಡುಗಿಯದ್ದು ವಾಸಿ ಮಾಡುವ, ಕಾಪಾಡುವ ಮಾಯೆ. ಪೊಪೊಯ್‌ದು ಸುಡುವ, ಕೊಲ್ಲುವ ಮಾಯೆ. ಹುಡುಗನಿಗೆ ಬರೀ ಕೈ. ಕಥೆಯ ನಾಯಕ ಅವನೇ ಆದರೂ, ಅವನನ್ನು ಹಿಡಿದವನಿಗೆ ಇನ್ನಿಬ್ಬರನ್ನು ಕೇಳದೆ ಗತಿಯಿಲ್ಲ. ನಾಯಕನನ್ನು ಹಿಡಿದಿದ್ದವನು ನಾನು. ಎಷ್ಟು ಸಲ “ಸ್ವಲ್ಪ ವಾಸಿ ಮಾಡೋ” ಅಂತ ಬೇಡಿದೆನೋ ಲೆಕ್ಕ ಇಟ್ಟಿಲ್ಲ.

ಮರದ ಹಿಂದೆ ಸಿಕ್ಕಿಕೊಂಡವಳು

ಕಿರಿಕಿರಿಯನ್ನೂ ಹೇಳಬೇಕು. ಪರದೆ ಒಂದೇ ಆದ್ದರಿಂದ ಮೂವರೂ ಅದರೊಳಗೇ ಇರಬೇಕು. ಇಬ್ಬರು ಮುಂದೆ ಹೋದರು, ಒಬ್ಬರು ಮರದ ಹಿಂದೆ ಸಿಕ್ಕಿಕೊಂಡರು ಅಂದರೆ ಪರದೆ ಸರಿಯುವುದಿಲ್ಲ. ಮುಂದೆ ಹೋದವರು ಕಾಣದ ಗೋಡೆಗೆ ಮುಖ ಒತ್ತಿಕೊಂಡು ನಡೆಯುತ್ತಲೇ ಇರುತ್ತಾರೆ. ಸೊಸೆ ಎಷ್ಟೋ ಸಲ ಸಿಕ್ಕಿಕೊಂಡಳು. ಅದಕ್ಕಿಂತ ಜಾಸ್ತಿ ಸಲ ಸಿಕ್ಕಿಕೊಂಡದ್ದು, ಅವಳು ಎದ್ದು ಹೋದಾಗ ಯಂತ್ರ ಓಡಿಸುತ್ತಿದ್ದ ಪೊಪೊಯ್. ಯಂತ್ರದ ಕೈಯ ಪಾತ್ರಗಳಿಗೆ ಹತ್ತಿರ ಹೋಗಬೇಕಾ, ದೂರ ನಿಲ್ಲಬೇಕಾ, ಮೇಲೆ ಬೀಳಬೇಕಾ, ಕಾದುಕೊಳ್ಳಬೇಕಾ ಅಂತ ಒಂದು ಚೌಕದ ಮನೆಯಲ್ಲಿ ಗುರುತು ಮಾಡಿ ಹೇಳಬಹುದು. ದಾರಿ ಹುಡುಕುವ ಬುದ್ಧಿ ಮಾತ್ರ ಹೇಳಿಕೊಡಲು ಬರುವುದಿಲ್ಲ.

ಇನ್ನೊಂದು ದೋಷ ಆಟದ ಸಮತೋಲವನ್ನೇ ಕೆಡಿಸುತ್ತದೆ. ಮಾಯೆಯ ಏಟು ಬೀಳುತ್ತಿರುವಾಗ ಶತ್ರು ತಿರುಗಿ ಏನೂ ಮಾಡಲಾರ. ಒಂದರ ಹಿಂದೊಂದು ಹಾಕುತ್ತಲೇ ಹೋದರೆ ದೊಡ್ಡ ರಾಕ್ಷಸ ಕೂಡ ನಿಂತಲ್ಲೇ ಸಾಯುತ್ತಾನೆ. ನಾಲ್ಕು ವಾಲ್‌ನಟ್ ಇದ್ದರೆ ಮುಗಿಯಿತು ಅವನ ಕಥೆ. ಇದನ್ನು ಕಂಡುಕೊಂಡವಳು ಹತ್ತು ವರ್ಷದವಳು. ಅವತ್ತಿನಿಂದ ರಾಕ್ಷಸ ಬಂದಾಗಲೆಲ್ಲ ನಾನೂ ತಮ್ಮನೂ ಕೈಕಟ್ಟಿ ನೋಡುವ ಸರದಿ. ಮೊದಲ ಭಾನುವಾರದ ಸಾಲ ಅವಳು ಬಡ್ಡಿ ಸಮೇತ ತೀರಿಸಿಕೊಂಡಳು.

ಈ ದೋಷಗಳನ್ನೆಲ್ಲ ಕ್ಯಾಸೆಟ್ಟಿನ ತಲೆಗೆ ಕಟ್ಟುವುದು ತಪ್ಪು. ಮಾಯೆಯ ಲೆಕ್ಕ ತಪ್ಪಿದ್ದು ಜಾಗ ಸಾಲದೆ ಅಲ್ಲ. ಆದರೆ ಆತುರ, ಕತ್ತರಿ, ಒಬ್ಬರಿಗೆಂದು ಹೊಲಿದ ಅಂಗಿಯನ್ನು ಮೂವರಿಗೆ ಸಡಿಲ ಮಾಡಿದ್ದು, ಇವೆಲ್ಲ ಸೇರಿದಾಗ ಹೊಲಿಗೆ ಅಲ್ಲಲ್ಲಿ ಬಿಡುವುದು ಸಹಜ.

ಇಂಗ್ಲಿಷ್ ಮಾತುಗಳ ಗತಿಯೂ ಅದೇ. ಅಮೆರಿಕಕ್ಕೆಂದು ಅನುವಾದಿಸಿದ ಟೆಡ್ ವುಲ್ಸಿಗೆ ಸಿಕ್ಕಿದ್ದು 30 ದಿನ. ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇಟ್ಟಿದ್ದರಿಂದ ಪುಟ್ಟ ಕಿಟಕಿಯಲ್ಲಿ ಹಿಡಿಸುತ್ತಿದ್ದ ಪದ ಕೆಲವೇ. ಹಾಗಾಗಿ ಮಾತಿನ ದೊಡ್ಡ ಪಾಲು ಉದುರಿ ಹೋಯಿತು. 1993ರ ಅಕ್ಟೋಬರ್ ಹೊತ್ತಿಗೆ ಆಟ ಅಲ್ಲಿನ ಅಂಗಡಿಯಲ್ಲಿತ್ತು.

ಇಬ್ಬರು ಹೊರಗಿನವರು

ಈ ಪ್ರಕರಣದಲ್ಲಿ ನನಗೆ ಬಹಳ ಇಷ್ಟವಾದ ಇಬ್ಬರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಒಬ್ಬರು ಪ್ರೋಗ್ರಾಮರ್ ನಾಸಿರ್ ಗೆಬೆಲಿ. ಇರಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು. ಎಂಬತ್ತರ ದಶಕದ ಶುರುವಿನಲ್ಲಿ ಆಪಲ್ 2 ಕಂಪ್ಯೂಟರಿಗೆ ಆಟ ಬರೆದು ಹೆಸರು ಮಾಡಿದ್ದರು. ಸ್ಕ್ವೇರ್‌ನಲ್ಲಿ ಮೊದಲ ಮೂರು ಫೈನಲ್ ಫ್ಯಾಂಟಸಿಗಳ ಪ್ರೋಗ್ರಾಮ್ ಅವರದ್ದೇ. ನಡುವೆ ವೀಸಾ ಮುಗಿದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ವಾಪಸಾದಾಗ ತಂಡವೇ ಗಂಟುಮೂಟೆ ಕಟ್ಟಿಕೊಂಡು ಅವರ ಹಿಂದೆ ಹೋಗಿತ್ತು! ಕೆಲಸಗಾರನ ಹಿಂದೆ ಆಫೀಸು ಹೋದದ್ದನ್ನು ನೀವು ಬೇರೆಲ್ಲಿ ಕೇಳಿದ್ದೀರಿ? ಮಾನಾ ಆಟ ಮುಗಿದ ಮೇಲೆ ಅವರು ಸ್ಕ್ವೇರ್ ಬಿಟ್ಟು ಊರೂರು ಸುತ್ತಲು ಹೊರಟರು.

ಇನ್ನೊಬ್ಬರು ಸಂಗೀತದ ಹಿರೊಕಿ ಕಿಕುಟಾ. ಮೊದಲ ಭಾಗಕ್ಕೆ ಸಂಗೀತ ಕೊಟ್ಟ ಕೆಂಜಿ ಇಟೊ ಬೇರೆ ಕೆಲಸದಲ್ಲಿದ್ದರು. ಇದು ಕಿಕುಟಾಗೆ ಮೊದಲ ಆಟ. ಸೂಪರ್ ಫ್ಯಾಮಿಕಾಮ್‌ನ ಸದ್ದಿನ ಭಾಗಕ್ಕೆ ಇದ್ದ ನೆನಪು 64 ಕೆಬಿ, ಒಮ್ಮೆಗೆ ಎಂಟು ದನಿ. ಕತ್ತಿಯ ಟಣ್ ಅನ್ನುವುದಕ್ಕೂ ಅದರಲ್ಲೇ ಜಾಗ ಬಿಡಬೇಕು. ಅವರು ಸಿದ್ಧ ವಾದ್ಯಗಳನ್ನು ಬಿಟ್ಟು ತಮ್ಮದೇ ದನಿಗಳನ್ನು ಕೆತ್ತಲು ಕೂತರು, ಹೆಚ್ಚು ಕಡಿಮೆ ಆಫೀಸಿನಲ್ಲೇ ಮಲಗಿ ಎದ್ದರು. ಆಟ ಶುರುವಾಗುವಾಗ ಮೊದಲು ಕೇಳುವುದು ರಾಗವಲ್ಲ. ತಿಮಿಂಗಿಲ ಕೂಗಿದಂಥ ಒಂದು ಸದ್ದು. ಆಮೇಲೆ ಪಿಯಾನೊ ಮೆಲ್ಲಗೆ ಬರುತ್ತದೆ, ಪರದೆಯಲ್ಲಿ ದೊಡ್ಡ ಮರ, ಹಾರುವ ಕೆಂಪು ಹಕ್ಕಿಗಳು. ಅಡುಗೆ ಮನೆಯಲ್ಲಿದ್ದ ಅಮ್ಮ ಕೈ ಒರೆಸಿಕೊಂಡು ಬಂದು ನಿಂತು, “ಏನೋ ಇದು, ಚೆನ್ನಾಗಿದೆ” ಅಂದರು. ಟಿವಿ ಗೇಮ್ ಬಗ್ಗೆ ಅವರ ಬಾಯಲ್ಲಿ ಮೂವತ್ತು ವರ್ಷದಲ್ಲಿ ಬಂದ ಮೊದಲ ಒಳ್ಳೆ ಮಾತು ಅದು.

ಆಮೇಲೆ

ಲೋಕದಲ್ಲಿ ಒಟ್ಟು 18 ಲಕ್ಷಕ್ಕೂ ಮೀರಿ ಆಟದ ಕ್ಯಾಸೆಟ್ಟುಗಳು ಹೋದವು, ಬಹುಪಾಲು ಜಪಾನಿನಲ್ಲೇ. ಮೂರನೇ ಭಾಗ 1995ರಲ್ಲಿ ಬಂದಾಗ ಒಟ್ಟಿಗೆ ಆಡುವವರ ಸಂಖ್ಯೆ ಎರಡಕ್ಕೆ ಇಳಿಯಿತು. ಅದು ಇಂಗ್ಲಿಷಿಗೆ ಅಧಿಕೃತವಾಗಿ ಬರಲು 2019 ಆಗಬೇಕಾಯಿತು. 2017ರಲ್ಲಿ ನಿಂಟೆಂಡೊ ಹಳೆಯ ಯಂತ್ರದ ಪುಟ್ಟ ಮಾದರಿಯೊಂದನ್ನು ಮಾರಿತು, ಅದರಲ್ಲಿ ಈ ಆಟವೂ ಇತ್ತು, ಆದರೆ ಕಂಟ್ರೋಲರ್ ತೂತು ಎರಡೇ. ಮೂರನೆಯವರು ಮತ್ತೆ ಹೊರಗೆ. 2018ರಲ್ಲಿ ಪೂರ್ತಿ ಹೊಸದಾಗಿ ಮಾಡಿದ ಮೂರು ಆಯಾಮದ ಆವೃತ್ತಿ ಬಂತು, ಅದರಲ್ಲಿ ಮೂವರಿಗೂ ಜಾಗ ಇದೆ, ಪಾತ್ರಗಳ ಮಾತು ದನಿಯಲ್ಲೇ ಕೇಳುತ್ತದೆ. ತಮ್ಮ ಅದನ್ನೂ ತೋರಿಸಿದ. ನನಗೆ ಹಿಡಿಸಲಿಲ್ಲ. ಎರಡು ಎಂಬಿಗೆಂದು ಹಿಂಡಿದ ಮಾತನ್ನು ದನಿ ಕೊಟ್ಟು ಆಡಿಸಿದರೆ, ಕಥೆಯಲ್ಲಿ ಎಲ್ಲೆಲ್ಲಿ ಖಾಲಿ ಇದೆಯೋ ಅದೇ ಎದ್ದು ಕಾಣುತ್ತದೆ.

ಇನ್ನು ಕೊನೆಯ ಕಾಳಗ. ಆಟ ಆಡುವ ಮನಸ್ಸಿದ್ದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಕಥೆಯ ಕೊನೆ ಇದೆ.

ಮಾನಾ ಅಂದರೆ ಈ ಕಥೆಯ ಲೋಕದ ಮಾಯೆಗೆಲ್ಲ ಮೂಲವಾದ ಶಕ್ತಿ. ಮಾನಾ ಮೃಗ ಅನ್ನುವ ಆ ಕೊನೆಯ ಜೀವಕ್ಕೆ ಬೇರೆ ಯಾವ ಆಯುಧವೂ ತಾಗುವುದಿಲ್ಲ. ಹುಡುಗನ ಕತ್ತಿಯೊಂದೇ. ಅದೂ ಹುಡುಗಿ, ಪೊಪೊಯ್ ಇಬ್ಬರೂ ತಮ್ಮ ಮಾನಾ ಮಾಯೆಯನ್ನು ಅದರ ಮೇಲೆ ಹಾಕಿದರೆ ಮಾತ್ರ. ಇಪ್ಪತ್ತು ಗಂಟೆ ಮೂವರಿಗೆ ಅರ್ಧಂಬರ್ಧ ಹೊಂದಿಕೊಂಡು ಬಂದ ಆಟ ಇಲ್ಲಿ ಮೂವರನ್ನೂ ಕೇಳುತ್ತದೆ. ತಮ್ಮ ಹಾಕಿದ. ಸೊಸೆ “ತೆಗೀಲಾ?” ಅಂದಳು. ಹಾಕಿದಳು. ನಾನು ಬೀಸಿದೆ.

ಆ ಮೃಗ ಸತ್ತರೆ ಲೋಕದಿಂದ ಮಾನಾ ಹೋಗುತ್ತದೆ. ಪೊಪೊಯ್ ಮಾನಾದಿಂದಲೇ ಬದುಕಿರುವ ಜೀವ. ಇದನ್ನು ಆಟ ಮೊದಲೇ ಹೇಳಿರುತ್ತದೆ, ಅವಳು ಓದಿರಲಿಲ್ಲ. ಪರದೆ ತಿಳಿಯಾದಾಗ ಹುಡುಗ ತನ್ನ ಊರಿಗೆ ಬಂದಿದ್ದ, ಕತ್ತಿಯನ್ನು ಮತ್ತೆ ಆ ನೀರಿಗೆ ತಂದು ನೆಟ್ಟ. ಹುಡುಗಿ ಅವಳ ಊರಿನಲ್ಲಿದ್ದಳು. ಹೆಸರುಗಳು ಮೇಲೇರತೊಡಗಿದವು.

ಸೊಸೆ ಇನ್ನೂ ಕಂಟ್ರೋಲರ್ ಹಿಡಿದೇ ಕೂತಿದ್ದಳು. ಒಂದೆರಡು ಸಲ ಗುಂಡಿ ಒತ್ತಿದಳು.

“ಮಾಮ, ನನ್ನ ಪೊಪೊಯ್ ಎಲ್ಲಿ?”

ತಮ್ಮ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.